ಮಿಸ್ಟರ್ ಸಾಕ್ಸ್‌ಗೆ ನಮ್ಮ ಮಾತು ಬರುವುದಿಲ್ಲ

ಅದೊಂದು ಕಂದು ಬಣ್ಣದ ಕಾಲುಚೀಲ. ಜೋಡಿಯ ಇನ್ನೊಂದು ಯಾವ ಕಾಲದಲ್ಲೋ ಕಳೆದುಹೋಗಿದೆ. ಹೆಬ್ಬೆರಳಿನ ಕಡೆ ಬಿದ್ದ ತೂತಿಗೆ ಕೆಂಪು ಬಟ್ಟೆ ಇಟ್ಟು ಹೊಲಿದಿದ್ದಾರೆ, ಅದೇ ಬಾಯಿ. ಕಣ್ಣುಗಳೆಂದರೆ ಕೋಟಿನ ಗುಂಡಿಗಳು, ಒಂದು ದೊಡ್ಡದು, ಒಂದು ಚಿಕ್ಕದು. ಹಾಗಾಗಿ ಅದು ಯಾರನ್ನು ನೋಡಿದರೂ ಅನುಮಾನದಿಂದ ನೋಡಿದಂತೆ ಕಾಣುತ್ತದೆ. ಮಕ್ಕಳು ಅದನ್ನು ಮಿಸ್ಟರ್ ಸಾಕ್ಸ್ ಎಂದು ಕರೆಯುತ್ತಾರೆ. ಅದರೊಳಗೆ ಕೈ ತೂರಿಸಿ ಆಡಿಸುವವರಿಗೆ ಕಾಲುಚೀಲದ ಟೀಚರ್ ಎಂದು ಹೆಸರು. ಈ ಬರಹ ಅವರ ಬಗ್ಗೆ.

ಅವರು ಕೆಲಸ ಮಾಡುವ ಶಾಲೆ ಕಬ್ಬಿಣದ ಸಾಮಾನಿನ ಅಂಗಡಿಯೊಂದರ ಮಹಡಿಯ ಮೇಲಿದೆ. ಕೆಳಗೆ ಸರಳು ಕತ್ತರಿಸುವ ಸದ್ದು, ಮೇಲೆ ಎ ಬಿ ಸಿ ಡಿ. ಬಾಗಿಲಲ್ಲೇ ಒಂದು ಫಲಕ: ಇಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಅದನ್ನು ಬರೆಸಿದವರು ಶಾಲೆಯ ಸೆಕ್ರೆಟರಿ. ಅಂಗಡಿಯೂ ಅವರದೇ, ಮಹಡಿಯೂ ಅವರದೇ, ಮಕ್ಕಳನ್ನು ತರುವ ಹಳದಿ ವ್ಯಾನೂ ಅವರದೇ. ಗೋಡೆಗೆ ಒಂದು ಸ್ಮಾರ್ಟ್ ಬೋರ್ಡ್ ಹಾಕಿಸಿದ್ದಾರೆ. ಧೂಳು ಕೂರಬಾರದೆಂದು ಅದರ ಮೇಲೆ ಬೆಡ್‌ಶೀಟು ಹೊದಿಸಿದ್ದಾರೆ. ಹೊಸದಾಗಿ ಮಕ್ಕಳನ್ನು ಸೇರಿಸಲು ಬಂದವರಿಗೆ ಮಾತ್ರ, ಮದುವೆಗೆ ಹೆಣ್ಣು ತೋರಿಸಿದ ಹಾಗೆ, ಮುಸುಕು ಸರಿಸಿ ತೋರಿಸುತ್ತಾರೆ.

ಟೀಚರ್‌ಗೆ ಬೋರ್ಡಿನ ಹಂಗಿಲ್ಲ. ಅವರಿಗೆ ಬೇಕಾದದ್ದೆಲ್ಲ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿದೆ: ಕೆಟ್ಟ ಗಡಿಯಾರ, ಬಸ್ಸಿನ ಟಿಕೆಟುಗಳು, ಬೀಗ, ಖಾಲಿ ಪೊಟ್ಟಣಗಳು, ಒಂದು ಚಮಚ. ಇಬ್ಬರು ಮಕ್ಕಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂರಿಸುತ್ತಾರೆ. ಒಬ್ಬನ ಕೈಯಲ್ಲಿ ಡಬ್ಬಿಯ ಒಂದು ವಸ್ತು. ಅದೇನೆಂದು ಇನ್ನೊಬ್ಬ ಇಂಗ್ಲಿಷಿನಲ್ಲಿ ಕೇಳಿ ಕೇಳಿಯೇ ಕಂಡುಹಿಡಿಯಬೇಕು. "ಒಬ್ಬರಿಗೆ ಗೊತ್ತಿರೋದು ಇನ್ನೊಬ್ಬರಿಗೆ ಗೊತ್ತಿರಬಾರದು. ಆಗಲೇ ಮಾತು ಹುಟ್ಟೋದು. ಇಬ್ಬರಿಗೂ ಗೊತ್ತಿರೋದನ್ನ ಕೇಳಿದ್ರೆ ಅದು ಪಾಠ ಅಲ್ಲ, ಪೊಲೀಸ್ ವಿಚಾರಣೆ" ಎನ್ನುತ್ತಾರೆ.

ಈ ಜಾಣತನ ಅವರಿಗೆ ಟ್ರೇನಿಂಗ್ ಕಾಲೇಜಿನಲ್ಲಿ ಸಿಕ್ಕಿದ್ದಲ್ಲ. ಅದಕ್ಕೂ ಮೊದಲು, ಬಿ.ಎ. ಓದುವಾಗ, ಕಾಲೇಜಿನಲ್ಲಿ ಸಿಕ್ಕಿದ್ದು ಒಂದು ಗಾಯ. ಇಂಗ್ಲಿಷ್ ಮೇಷ್ಟ್ರು ಒಂದು ಪ್ರಶ್ನೆ ಕೇಳಿ ಇವರನ್ನು ಎಬ್ಬಿಸಿದರಂತೆ. ಉತ್ತರ ಗೊತ್ತಿತ್ತು, ಮನೆಮಾತಿನಲ್ಲಿ ಗೊತ್ತಿತ್ತು. ಇಂಗ್ಲಿಷಿನಲ್ಲಿ ಗಂಟಲು ದಾಟಲಿಲ್ಲ. ಗಂಟೆ ಹೊಡೆಯುವವರೆಗೂ ನಿಂತೇ ಇದ್ದರು. ಆಮೇಲೆ ಬಿ.ಎ. ಮುಗಿಸಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದಾಗ, ಡಬ್ಬಿಗಳ ಮೇಲಿನ ಹೆಸರು ಓದುತ್ತ ಓದುತ್ತ ಹೆದರಿಕೆ ಬಿಟ್ಟಿತಂತೆ. ಕೈಯಲ್ಲಿ ಹಿಡಿದ ವಸ್ತುವಿನ ಹೆಸರು ಕಚ್ಚುವುದಿಲ್ಲ ಎಂದು ಅವರು ಕಲಿತದ್ದು ಅಲ್ಲಿ. ಗಂಟಲು ಮಾತ್ರ ಇವತ್ತಿಗೂ ಪೂರ್ತಿ ಬಿಟ್ಟುಕೊಟ್ಟಿಲ್ಲ. ಎದುರಿಗೆ ದೊಡ್ಡ ಮನುಷ್ಯರು ನಿಂತರೆ ಮನೆಮಾತೂ ಒಳಗೇ ಉಳಿಯುತ್ತದೆ.

ಕಾಲುಚೀಲ ಹುಟ್ಟಿದ್ದೂ ಗಂಟಲು ಕಟ್ಟಿದ ಮಕ್ಕಳಿಗಾಗಿಯೇ. ಗುಂಡಿ ಹೊಲಿದು ಕೊಟ್ಟವರು ಅವರ ಗಂಡ, ಅದೇ ಬೀದಿಯ ದರ್ಜಿ. ಮಿಸ್ಟರ್ ಸಾಕ್ಸ್ ದೂರದ ದೇಶದಿಂದ ಹಡಗಿನಲ್ಲಿ ಬಂದವನು, ಇಂಗ್ಲಿಷ್ ಬಿಟ್ಟು ಅವನಿಗೆ ಬೇರೇನೂ ಬರುವುದಿಲ್ಲ ಎಂದು ಟೀಚರ್ ಮೊದಲ ದಿನವೇ ಮಕ್ಕಳಿಗೆ ಹೇಳಿಬಿಟ್ಟರು. ಮನೆಮಾತಿನಲ್ಲಿ ಕೇಳಿದರೆ ಅವನು ತಲೆ ಅಲ್ಲಾಡಿಸುತ್ತಾನೆ, ಪಾಪ, ಅರ್ಥವಾಗುವುದಿಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ಬಾಯಿ ತೆರೆದು ಕುಣಿಯುತ್ತಾನೆ. ತಪ್ಪು ಇಂಗ್ಲಿಷಿಗೂ ಕುಣಿಯುತ್ತಾನೆ. ದಿನದ ಕೊನೆಗೆ 'ಗುಟ್ಟಿನ ಹೊತ್ತು' ಇರುತ್ತದೆ. ಎಲ್ಲರೆದುರು ಬಾಯಿ ಬಿಡಲು ನಾಚುವ ಮಗು ಒಂಟಿಯಾಗಿ ಬಂದು ಕಾಲುಚೀಲದ ಕಿವಿಯಲ್ಲಿ ಒಂದು ವಾಕ್ಯ ಪಿಸುಗುಟ್ಟಿ ಹೋಗಬಹುದು. ಟೀಚರ್ ಆಗ ಮುಖ ಆ ಕಡೆ ತಿರುಗಿಸಿ ಕಿಟಕಿ ನೋಡುತ್ತಾರೆ. ಕೈ ಮಾತ್ರ ಕೇಳಿಸಿಕೊಳ್ಳುತ್ತದೆ.

ಇನ್ನೊಂದು ಪದ್ಧತಿ ಇತ್ತು, ಬೆಳಗಿನದು. ಬಾಗಿಲ ಪಕ್ಕದ ಮೇಜಿನ ಮೇಲೆ ಪ್ರತಿ ಮಗುವೂ ದಾರಿಯಲ್ಲಿ ಸಿಕ್ಕ ಒಂದು ವಸ್ತು ಇಡಬೇಕು, ಏನು ಸಿಕ್ಕಿತು, ಎಲ್ಲಿ ಸಿಕ್ಕಿತು ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ಕಲ್ಲು, ಬಾಟಲಿ ಮುಚ್ಚಳ, ಪೆನ್ನಿನ ಕಡ್ಡಿ. ವ್ಯಾನಿನಲ್ಲಿ ಬರುವ ಮಕ್ಕಳು ತರುತ್ತಿದ್ದದ್ದು ಮಾತ್ರ ಬೇರೆ: ಕೋಸಿನ ಎಲೆ, ಈರುಳ್ಳಿ ಸಿಪ್ಪೆ, ಮೊಟ್ಟೆ ತಟ್ಟೆಯ ಚೂರು, ಗೋಣಿಯ ದಾರ, ಕೋಳಿ ಪುಕ್ಕ. "ಇನ್ ದ ವ್ಯಾನ್, ಮಿಸ್! ಅಂಡರ್ ದ ಸೀಟ್!" ಎಂದು ಕೂಗುತ್ತಿದ್ದರು. ಅಂಡರ್ ಎಂಬ ಪದ ಇಷ್ಟು ಚೆನ್ನಾಗಿ ಯಾವ ತರಗತಿಗೂ ಬಂದಿಲ್ಲ ಎಂದು ಟೀಚರ್ ಹಿಗ್ಗುತ್ತಿದ್ದರು. ಶಾಲೆಯ ವ್ಯಾನಿನ ಸೀಟಿನಡಿ ಕೋಳಿ ಪುಕ್ಕ ಯಾಕೆ ಎಂದು ಅವರು ಕೇಳಿಕೊಳ್ಳಲಿಲ್ಲ. ಕಣ್ಣೆದುರಿನ ಮೇಜಿನ ಮೇಲೆ ದಿನವೂ ಬಂದು ಬೀಳುತ್ತಿತ್ತು, ಕಾಣಲಿಲ್ಲ.

ಎರಡನೇ ತರಗತಿಯ ಒಂದು ಹುಡುಗಿಗೆ ಕ್ಲೀನರ್ ಎಂದು ಅಡ್ಡಹೆಸರು. ಲಾರಿಯಲ್ಲಿ ಡ್ರೈವರಿನ ಪಕ್ಕ ಕ್ಲೀನರ್ ಕೂತಿರುತ್ತಾನಲ್ಲ, ಹಾಗೆ ಅವಳು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ವ್ಯಾನ್ ಓಡಿಸುವವನು ಅವಳ ಸ್ವಂತ ಸೋದರಮಾವ. ಶಾಲೆಯ ಮಕ್ಕಳಿಗೆಲ್ಲ ವ್ಯಾನ್ ಮಾಮ. ಅಪ್ಪನಿಲ್ಲದ ಹುಡುಗಿ. ತಾಯಿ ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಮೂವರೂ ಒಂದೇ ಕೋಣೆಯ ಮನೆಯಲ್ಲಿದ್ದಾರೆ. ಹುಡುಗಿ ಮಾತಿನ ಮಲ್ಲಿ, ಆದರೆ ಇಂಗ್ಲಿಷ್ ಎಂದರೆ ತುಟಿ ಹೊಲಿದುಕೊಳ್ಳುತ್ತಿದ್ದಳು. ಗುಟ್ಟಿನ ಹೊತ್ತಿಗೂ ಎದ್ದು ಬಂದವಳಲ್ಲ.

ಒಂದು ಸಂಜೆ ಬಂದಳು. ಟೀಚರ್ ಖುಷಿಯಿಂದ ಕಿಟಕಿಯ ಕಡೆ ತಿರುಗಿದರು. ಕಿವಿಗೆ ಬಿದ್ದದ್ದು ಮನೆಮಾತು.

"ನಿಂಗೆ ಹೇಗೂ ಅರ್ಥ ಆಗಲ್ಲ, ಅದಕ್ಕೇ ನಿಂಗೆ ಹೇಳ್ತಿದೀನಿ. ನಮ್ಮ ಮಾಮ ಕಣ್ಣು ಮುಚ್ಕೊಂಡು ವ್ಯಾನ್ ಓಡಿಸ್ತಾನೆ. ನಾನು ತೋಳು ಚಿವುಟಿ ಚಿವುಟಿ ಎಬ್ಬಿಸ್ತೀನಿ. ಯಾರಿಗೂ ಹೇಳಬಾರ್ದು ಅಂತ ಪೆಪ್ಪರ್‌ಮೆಂಟ್ ಕೊಡ್ತಾನೆ. ನಿನ್ನೆ ನಂಗೂ ನಿದ್ದೆ ಬಂದುಬಿಡ್ತು. ಎದ್ದು ನೋಡಿದ್ರೆ ಕಾಲುವೆ ಇಷ್ಟು ಹತ್ರ ಬಂದಿತ್ತು."

ಟೀಚರ್‌ಗೆ ಒಂದೊಂದು ಮಾತೂ ಅರ್ಥವಾಯಿತು. ಆದರೆ ಕೈಗೆ ರೂಢಿಯಾಗಿಬಿಟ್ಟಿತ್ತು. ಮನೆಮಾತು ಕೇಳಿದ ಕೂಡಲೇ, ತಲೆ ಯೋಚಿಸುವ ಮೊದಲೇ, ಕೈ ಕಾಲುಚೀಲದ ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿತು. ಅರ್ಥವಾಗಲಿಲ್ಲ. ಹುಡುಗಿಯ ಮುಖ ಅರಳಿತು. ಒಂದು ಹೊರೆ ಇಳಿಸಿದವಳ ಹಾಗೆ ಜಿಗಿಯುತ್ತ ಚೀಲ ಹೆಗಲಿಗೇರಿಸಿ ಓಡಿದಳು. ಕೆಳಗೆ ವ್ಯಾನಿನ ಹಾರನ್ ಕೂಗುತ್ತಿತ್ತು. ಟೀಚರ್ ಮೆಟ್ಟಿಲಿಳಿದು ಬರುವಷ್ಟರಲ್ಲಿ ಹಳದಿ ಬೆನ್ನು ತಿರುವಿನಲ್ಲಿ ಮರೆಯಾಯಿತು.

ಆ ಸಂಜೆ ಅವರು ಮನೆಯಲ್ಲಿ ಕೂರಲಾರದೆ, ನಿಲ್ಲಲಾರದೆ ಓಡಾಡಿದರು. ರಸ್ತೆಯಲ್ಲಿ ಬ್ರೇಕಿನ ಸದ್ದಾದರೆ ಕಿಟಕಿಗೆ ಓಡುವುದು, ಬಂದು ಕೂರುವುದು. ಅತ್ತೆ ನೋಡುವಷ್ಟು ನೋಡಿ ಹೇಳಿದರು, "ಯಾಕಮ್ಮಾ, ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗ್ತಾ ಇದೀಯ? ಆ ಕಾಲುಚೀಲ ಏನಾದ್ರೂ ಅಂತಾ?"

"ಹೂಂ ಅತ್ತೆ, ಅದೇ ಅಂತು" ಎಂದು ಟೀಚರ್ ನಡೆದದ್ದನ್ನು ಹೇಳಿದರು.

ದರ್ಜಿ ಗಂಡ ಮಿಷನ್ ನಿಲ್ಲಿಸಿದ. "ಸೆಕ್ರೆಟರಿಗೆ ಹೇಳ್ಬಿಡು."

"ಯಾರು ಹೇಳಿದ್ದು ಅಂದ್ರೆ? ಮಗುವಿನ ಹೆಸರು ಹೇಳಿದ್ರೆ ಅದರ ಮಾಮನ ಕೆಲಸ ಹೋಗುತ್ತೆ. ಹೇಳದಿದ್ರೆ..."

"ಕಾಲುಚೀಲದ ಸಾಕ್ಷಿ ಯಾವ ಕೋರ್ಟಲ್ಲೂ ನಡೆಯಲ್ಲ ಕಣೇ" ಎಂದ ಗಂಡ. ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ. ಅತ್ತೆ ಮಾತ್ರ ಅಂದರು, "ಮಗು ಸುಳ್ಳು ಹೇಳೋದಾದ್ರೆ ಅರ್ಥ ಆಗೋರ ಹತ್ರ ಹೇಳುತ್ತೆ. ಅರ್ಥ ಆಗದವರ ಹತ್ರ ಸುಳ್ಳು ಯಾಕೆ ಹೇಳುತ್ತೆ? ನೀನು ಒಂದ್ಸಲ ಆ ಗಾಡೀಲಿ ಕೂತ್ಕೊಂಡು ನೋಡು."

ಮರುದಿನ ಬೆಳಿಗ್ಗೆ ಟೀಚರ್ ವ್ಯಾನು ಹೊರಡುವ ಜಾಗಕ್ಕೇ ಹೋಗಿ ಹತ್ತಿದರು. ಕಾಲು ಉಳುಕಿದೆ, ನಡೆಯಲಾಗುವುದಿಲ್ಲ ಎಂದು ನೆಪ. ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತರು. ಮಾಮ ಒಳ್ಳೆಯವನೇ. ಒಂದೊಂದು ಮಗುವನ್ನೂ ಕಂಕುಳಿಗೆ ಕೈಕೊಟ್ಟು ಹತ್ತಿಸಿದ, ಬಾಗಿಲ ಚಿಲಕ ಎಳೆದು ನೋಡಿದ. ಕಣ್ಣು ಮಾತ್ರ ಕೆಂಡದ ಹಾಗಿತ್ತು. ಬೀದಿಗಳು ಮುಗಿದು ಕಾಲುವೆಯ ದಾರಿ ಬಂತು. ನೆಟ್ಟಗಿನ ರಸ್ತೆ, ಒಂದು ಬದಿಗೆ ತಡೆಗೋಡೆಯೂ ಇಲ್ಲದ ನೀರು. ಎಂಜಿನ್ನಿನ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಮುಂದಿನ ಕನ್ನಡಿಯಲ್ಲಿ ಟೀಚರ್ ನೋಡುತ್ತಿದ್ದಂತೆಯೇ ಆ ಕೆಂಪು ಕಣ್ಣುಗಳ ಮೇಲೆ ರೆಪ್ಪೆ ಇಳಿಯಿತು. ಇಳಿದದ್ದು ಏಳಲಿಲ್ಲ. ವ್ಯಾನು ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ನೀರಿನ ಕಡೆ ವಾಲತೊಡಗಿತು. ಹಿಂದೆ ಮಕ್ಕಳು ಕೈತಟ್ಟಿ ಆಡುತ್ತಿದ್ದರು. ಟೀಚರ್ ಬಾಯಿ ತೆರೆದರು. ಗಂಟಲು ಕಚ್ಚಿಕೊಂಡಿತು.

ಒಂದು ಪುಟ್ಟ ಕೈ ಮುಂದಿನ ಸೀಟಿನಿಂದ ಬಂದು ಮಾಮನ ತೋಳು ಹಿಡಿದು ತಿರುಚಿತು. ಮಾಮ ಬೆಚ್ಚಿ ಸ್ಟೇರಿಂಗ್ ಎಳೆದುಕೊಂಡ. ವ್ಯಾನು ನೆಟ್ಟಗಾಯಿತು. ಹುಡುಗಿ ಹಿಂದೆ ತಿರುಗಿ, ಯಾರಾದರೂ ನೋಡಿದರೇ ಎಂದು ಒಮ್ಮೆ ಕಣ್ಣಾಡಿಸಿದಳು. ಟೀಚರ್ ತಲೆ ತಗ್ಗಿಸಿದರು. ಮಾಮನ ಮೊಣಕೈಯಿಂದ ಮೇಲೆ, ಹಳೆಯವೂ ಹೊಸವೂ, ಉಗುರಿನಷ್ಟಗಲದ ನೀಲಿ ಕಲೆಗಳು ಸಾಲಾಗಿದ್ದವು.

ಶಾಲೆ ತಲುಪಿ ಮಕ್ಕಳು ಮೆಟ್ಟಿಲು ಹತ್ತಿದ ಮೇಲೆ ನೀರಿನ ತೊಟ್ಟಿಯ ಪಕ್ಕ ಅವನನ್ನು ಹಿಡಿದರು.

"ನಿದ್ದೆ ಮಾಡ್ತಾ ಓಡಿಸ್ತೀಯಲ್ಲಪ್ಪ. ನಾನು ಕಣ್ಣಾರೆ ನೋಡ್ದೆ."

ಅವನು ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದವನು ಹಾಗೇ ನಿಂತ. "ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ. ಯಾರು ಹೇಳಿದ್ರು ನಿಮಗೆ?"

"ನನ್ನ ಕಣ್ಣು ಹೇಳ್ತು ಅಂದ್ನಲ್ಲ. ರಾತ್ರಿ ಮಲಗಲ್ವಾ ನೀನು?"

"ರಾತ್ರಿ ಲೋಡು ಇರುತ್ತೆ ಮೇಡಂ. ಮಾರ್ಕೆಟ್ಟಿಗೆ. ಒಂದು ದಿನ ತರಕಾರಿ, ಒಂದು ದಿನ ಮೊಟ್ಟೆ, ಒಂದೊಂದು ದಿನ ಕೋಳಿ."

"ಯಾವ ಗಾಡೀಲಿ?"

ಅವನು ಹಳದಿ ವ್ಯಾನಿನ ಕಡೆ ನೋಡಿದ. ಸೀಟು ಬಿಚ್ಚಿಟ್ಟು ಮಾಲು ತುಂಬುವುದು, ಬೆಳಗಾಗುವಷ್ಟರಲ್ಲಿ ತೊಳೆದು ಮತ್ತೆ ಸೀಟು ಕೂರಿಸುವುದು. ಮೇಜಿನ ಮೇಲಿನ ಕೋಸಿನ ಎಲೆ, ಮೊಟ್ಟೆ ತಟ್ಟೆಯ ಚೂರು, ಪುಕ್ಕ, ಎಲ್ಲ ಒಟ್ಟಿಗೇ ಟೀಚರ್ ಕಣ್ಣ ಮುಂದೆ ಬಂದು ನಿಂತವು. ತಾನು ಅವಕ್ಕೆ ಹೆಸರು ಕಲಿಸಿದ್ದಷ್ಟೇ ಬಂತು ಎನ್ನಿಸಿತಂತೆ.

"ಯಾರು ಓಡ್ಸು ಅಂದಿದ್ದು?"

"ಗಾಡಿ ಯಾರದು ಮೇಡಂ? ಒಲ್ಲೆ ಅಂದ್ರೆ ಹಗಲಿಂದೂ ಬೇಡ ಅಂತಾರೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ಇನ್ಮೇಲೆ ಹುಷಾರಾಗಿರ್ತೀನಿ, ನನ್ನ ಕ್ಲೀನರ್ ಮೇಲಾಣೆ."

ಹುಷಾರಾಗಿರುತ್ತೇನೆ ಎಂದರೆ ನಿದ್ದೆ ಕೇಳುತ್ತದೆಯೇ? ನಿದ್ದೆ ಯಾರ ಸಂಬಳದ ಆಳೂ ಅಲ್ಲ.

ಟೀಚರ್ ಸೆಕ್ರೆಟರಿಯ ಕೋಣೆಗೆ ಹೋದರು. ಗಂಟಲು ಎಷ್ಟು ಬಿಟ್ಟಿತೋ ಅಷ್ಟು ಹೇಳಿದರು. ರಾತ್ರಿ ಲೋಡು ನಿಲ್ಲಿಸಿ ಸಾರ್, ಹಗಲು ಕಣ್ಣು ಎಳೆಯುತ್ತದೆ, ಮಕ್ಕಳಿದ್ದಾರೆ. ಆ ಮನುಷ್ಯ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಮೇಲಿತ್ತು. ಮೊಳೆಯ ಡಬ್ಬಿಯೊಂದರ ಬೆಲೆ ನೋಡುತ್ತಲೇ ಮಾತಾಡಿದ.

"ಟೀಚರೇ, ಗಾಡಿ ನಂದು. ಡೀಸೆಲ್ ನಂದು. ಡ್ರೈವರ್ ನಾನು ಇಟ್ಟೋನು. ನಿಮ್ಮದು ಯಾವುದು ಹೇಳಿ? ಕಾಲುಚೀಲ. ಅದನ್ನ ನೋಡ್ಕೊಳ್ಳಿ. ಈ ಮಾತು ಈ ಕೋಣೆ ದಾಟಿದ್ರೆ ಮೊದಲು ಅವನು ಮನೆಗೆ ಹೋಗ್ತಾನೆ. ಆಮೇಲೆ ನೀವು. ಶನಿವಾರ ಓಪನ್ ಕ್ಲಾಸ್ ಇದೆ, ನೆನಪಿದೆ ತಾನೇ? ಪೇರೆಂಟ್ಸ್ ಬರ್ತಾರೆ, ಹೊಸಬರೂ ಬರ್ತಾರೆ. ಆ ಚೀಲಾನ ಸ್ವಲ್ಪ ಒಗೆದು ತನ್ನಿ."

ಇಲ್ಲಿ ನಾನೊಂದು ಮಾತು ಹೇಳಲೇಬೇಕು. ಮಕ್ಕಳಿಗೆ ಇಂಗ್ಲಿಷ್ ಬರಲಿ ಎಂದು ತಾಯಂದಿರು ಮೂಗುಬೊಟ್ಟು ಮಾರಿ ಕಳಿಸುತ್ತಾರೆ. ಆ ಆಸೆಯ ಮೇಲೆಯೇ ಮಹಡಿ ಕಟ್ಟಿ, ಆ ಮಕ್ಕಳು ಕೂರುವ ಸೀಟು ಬಿಚ್ಚಿ ಕೋಳಿ ತುಂಬುವವನು ಊರಿಗೆ ಶಿಕ್ಷಣ ಪ್ರೇಮಿ!

ತಂದೆತಾಯಿಗಳಿಗೆ ನೇರವಾಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಟೀಚರ್ ಗೇಟಿನ ಬಳಿ ನಿಂತು ಅದಕ್ಕೂ ಪ್ರಯತ್ನಪಟ್ಟರು. ಒಬ್ಬ ತಾಯಿ ಬಂದಳು, "ಏನ್ ಟೀಚರ್, ನನ್ನ ಮಗ ಚೆನ್ನಾಗಿ ಕಲೀತಿದಾನಾ?" ಎಂದಳು. ಟೀಚರ್ ಬಾಯಲ್ಲಿ ಬಂದದ್ದು, "ಹೂಂ, ಚೆನ್ನಾಗಿ." ಹೇಳಿದರೆ ಮಾಮನ ಕೆಲಸ ಹೋಗುತ್ತದೆ, ಹೇಳದಿದ್ದರೆ ಮಕ್ಕಳ ಜೀವ. ಎರಡರ ನಡುವೆ ಆ ಹಳೆಯ ಗಂಟಲು.

ಶನಿವಾರದವರೆಗೆ ಅವರಿಗೆ ತೋಚಿದ್ದು ಒಂದೇ. ದಿನವೂ ಬೆಳಿಗ್ಗೆ ಸಂಜೆ ವ್ಯಾನಿನಲ್ಲಿ ಮುಂದೆ ಕೂತರು, ಕ್ಲೀನರ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡು. ಕಾಲುವೆ ದಾರಿ ಬಂದ ಕೂಡಲೇ ಇಂಗ್ಲಿಷ್ ಪಾಠ ಶುರು. ಟೀಚರ್ ಒಂದು ಸಾಲು ಕೂಗುವುದು, ಮಕ್ಕಳು ಸೀಟು ಬಡಿಯುತ್ತ ಮರಳಿ ಕೂಗುವುದು. ನಡುವೆ ಮಾಮನಿಗೂ ಪ್ರಶ್ನೆ.

"ವ್ಯಾನ್ ಮಾಮ, ವಾಟ್ ಈಸ್ ದಿಸ್?"

"ಕೈ ಮೇಡಂ."

"ಇಂಗ್ಲಿಷ್ ಮಾಮ, ಇಂಗ್ಲಿಷ್!" ಎಂದು ಹಿಂದಿನಿಂದ ಮಕ್ಕಳ ಗಲಾಟೆ.

"ಅಯ್ಯೋ, ನಿದ್ದೆಗಿಂತ ಇದೇ ಕಷ್ಟ ಮಾರಾಯ್ರೇ!" ಎನ್ನುತ್ತಿದ್ದ ಅವನು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಟೀಚರ್ ನಗುತ್ತಲೇ ಅವನ ರೆಪ್ಪೆ ಕಾಯುತ್ತಿದ್ದರು. ತೊಡೆಯ ಮೇಲಿನ ಹುಡುಗಿ ಮಾತ್ರ ನಗುತ್ತಿರಲಿಲ್ಲ. ಟೀಚರ್ ಯಾಕೆ ಇಲ್ಲಿ ಬಂದು ಕೂತರು ಎಂದು ಯೋಚಿಸುತ್ತಿದ್ದಳು. ಮಾಮನ ತೋಳಿನ ಮೇಲೆ ಹೊಸ ಕಲೆಗಳು ಏಳಲಿಲ್ಲ, ಅಷ್ಟೇ ಲಾಭ. ಆದರೆ ಎಷ್ಟು ದಿನ ಹೀಗೆ? ತನಗೊಂದು ದಿನ ಜ್ವರ ಬಂದರೆ? ಮನೆಗೆ ಬಂದರೆ ತುತ್ತು ಇಳಿಯುತ್ತಿರಲಿಲ್ಲ. ಅತ್ತೆ ತಟ್ಟೆ ನೋಡಿ, "ಹಕ್ಕಿಯಾದ್ರೂ ಇದಕ್ಕಿಂತ ಹೆಚ್ಚು ತಿನ್ನುತ್ತೆ" ಎನ್ನುತ್ತಿದ್ದರು.

ಶುಕ್ರವಾರ ಆಟದ ಹೊತ್ತಿನಲ್ಲಿ ಟೀಚರ್ ಆ ಹುಡುಗಿಯನ್ನು ಒಂಟಿಯಾಗಿ ಕೂರಿಸಿಕೊಂಡರು. ನಾಳೆ ಏನು ಮಾಡಬೇಕೆಂದು ಒಂದು ಉಪಾಯ ಹೊಳೆದಿತ್ತು. ಆದರೆ ಅದಕ್ಕೂ ಮೊದಲು ಈ ಮಗುವಿಗೆ ನಿಜ ಹೇಳದಿದ್ದರೆ ತಾನೂ ಸೆಕ್ರೆಟರಿಯ ಜಾತಿಗೇ ಸೇರುತ್ತೇನೆ ಎನ್ನಿಸಿತು. ಕಾಲುಚೀಲವನ್ನು ಕೈಗೆ ಹಾಕಿಕೊಂಡರು. ಮಿಸ್ಟರ್ ಸಾಕ್ಸ್ ಮೊದಲ ಬಾರಿಗೆ ಮನೆಮಾತಿನಲ್ಲಿ ಬಾಯಿ ಬಿಟ್ಟ.

"ಪುಟ್ಟೀ, ನೀನು ಅವತ್ತು ಹೇಳಿದ್ದು ನಂಗೆ ಅರ್ಥ ಆಯ್ತು."

ಹುಡುಗಿ ಅಳಲಿಲ್ಲ. ಗುಂಡಿಯ ಕಣ್ಣುಗಳನ್ನೇ ನೋಡಿದಳು. ಟೀಚರ್ ಮುಖವನ್ನಲ್ಲ.

"ಹಾಗಾದ್ರೆ ತಲೆ ಯಾಕೆ ಅಲ್ಲಾಡಿಸ್ದೆ?"

ಕಾಲುಚೀಲದ ತಲೆ ತಗ್ಗಿತು.

"ಮಾಮನ್ನ ಕೆಲಸದಿಂದ ತೆಗೀತಾರಾ?"

"ತೆಗೀಬಾರ್ದು ಅಂತ ನೋಡ್ತೀನಿ."

"ನೋಡ್ತೀನಿ ಅಂದ್ರೆ?"

ಹುಡುಗಿ ಎದ್ದು, ಫ್ರಾಕಿನ ಹಿಂಭಾಗ ಕೊಡವಿಕೊಂಡು ಹೊರಗೆ ಹೋದಳು.

ಶನಿವಾರ ಬೋರ್ಡಿನ ಬೆಡ್‌ಶೀಟು ತೆಗೆದಿತ್ತು. ಹಿಂದಿನ ಬೆಂಚುಗಳಲ್ಲಿ ತಂದೆತಾಯಿಗಳು ಮಂಡಿ ಮಡಚಿ ಕೂತಿದ್ದರು. ಸೆಕ್ರೆಟರಿ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. ಅದೇ ಅಂಗಿಗೆ ಇಸ್ತ್ರಿ ಹಾಕಿದ್ದ ತಾಯಿ, ಕ್ಲೀನರ್‌ಳ ತಾಯಿ, ಕಡೆಯ ಬೆಂಚಿನ ತುದಿಯಲ್ಲಿದ್ದಳು. ಟೀಚರ್ ಹಾಡಿಸಲಿಲ್ಲ, ಕುಣಿಸಲಿಲ್ಲ. ಬಾಗಿಲ ಪಕ್ಕದ ಮೇಜನ್ನು ಎಳೆದು ನಡುವೆ ತಂದರು. ಪ್ರತಿದಿನ ಏನೇನು ಸಿಕ್ಕಿತ್ತೋ, ತಾವು ಪಾಠಕ್ಕಾಗಿ ಜೋಪಾನ ಮಾಡಿದ್ದೆಲ್ಲವನ್ನೂ ಮಕ್ಕಳ ಕೈಗೇ ಕೊಟ್ಟರು. ಮಿಸ್ಟರ್ ಸಾಕ್ಸ್ ಎಂದಿನಂತೆ ಕೇಳಿದ: ಏನು ಸಿಕ್ಕಿತು? ಎಲ್ಲಿ ಸಿಕ್ಕಿತು?

ಒಬ್ಬ ಹುಡುಗ ಒಣಗಿದ ಕೋಸಿನ ಎಲೆ ಇಟ್ಟ. "ಐ ಫೌಂಡ್ ಎ ಲೀಫ್. ಇನ್ ದ ವ್ಯಾನ್." ಚಪ್ಪಾಳೆ. ಮೊಟ್ಟೆ ತಟ್ಟೆಯ ಚೂರು. "ಇನ್ ದ ವ್ಯಾನ್. ಅಂಡರ್ ದ ಸೀಟ್." ಚಪ್ಪಾಳೆ. ಈರುಳ್ಳಿ ಸಿಪ್ಪೆ. ಗೋಣಿ ದಾರ. ಪುಕ್ಕ, ಮತ್ತೊಂದು ಪುಕ್ಕ. "ಇನ್ ದ ವ್ಯಾನ್." ಇಂಗ್ಲಿಷ್ ಒಂದಕ್ಷರ ಬಾರದ ತಂದೆಗೂ ವ್ಯಾನ್ ಎಂದರೇನೆಂದು ಗೊತ್ತಲ್ಲ. ಚಪ್ಪಾಳೆ ತೆಳ್ಳಗಾಗುತ್ತ ಬಂದು ನಿಂತಿತು. ಮೇಜಿನ ಮೇಲೆ ಒಂದು ಮಾರುಕಟ್ಟೆಯ ಕಸ ಬಿದ್ದಿತ್ತು.

ಒಬ್ಬ ತಾಯಿ ಎದ್ದಳು. "ಅಲ್ಲ, ಮಕ್ಕಳ ಗಾಡೀಲಿ ಕೋಳಿ ಪುಕ್ಕ ಎಲ್ಲಿಂದ ಬಂತು?"

"ಗಾಳಿಗೆ ಬಂದಿರುತ್ತಮ್ಮ" ಎಂದು ಸೆಕ್ರೆಟರಿ ನಕ್ಕ. "ಟೀಚರ್, ನೆಕ್ಸ್ಟ್, ನೆಕ್ಸ್ಟ್!"

"ಮೊಟ್ಟೆ ತಟ್ಟೇನೂ ಗಾಳಿಗೆ ಹಾರ್ಕೊಂಡು ಬಂತಾ?" ಯಾರೋ ಕೇಳಿದರು. "ಆ ಡ್ರೈವರ್ ಏನೋ ಕಿತಾಪತಿ ಮಾಡ್ತಿದಾನೆ. ಕರೀರಿ ಅವನ್ನ."

"ವಿಚಾರಿಸ್ತೀನಿ, ಅವನನ್ನ ಇವತ್ತೇ ತೆಗೆದುಹಾಕ್ತೀನಿ" ಎಂದ ಸೆಕ್ರೆಟರಿ, ನೀರು ಕುಡಿದಷ್ಟು ಸುಲಭವಾಗಿ.

ಟೀಚರ್ ಲೆಕ್ಕ ಹಾಕದಿದ್ದದ್ದು ಇದನ್ನೇ. ಅಲ್ಲ, ಅದು ಅವನ ತಪ್ಪಲ್ಲ ಎನ್ನಬೇಕು. ಬಾಯಿ ತೆರೆದರು. ಕೈಯಲ್ಲಿದ್ದ ಕಾಲುಚೀಲದ ಬಾಯಿಯೂ ತೆರೆಯಿತು. ಎರಡರಿಂದಲೂ ಸದ್ದು ಬರಲಿಲ್ಲ.

"ಮಾಮಂದು ತಪ್ಪಿಲ್ಲ!"

ಮುಂದಿನ ಸಾಲಿನಲ್ಲಿ ಕ್ಲೀನರ್ ಎದ್ದು ನಿಂತಿದ್ದಳು. ಕಿವಿಯವರೆಗೆ ಕೆಂಪಾಗಿದ್ದಳು. "ರಾತ್ರಿ ಲೋಡು ಹೊಡಿ ಅಂದಿದ್ದು ಸೆಕ್ರೆಟರಿ ಸಾರು. ಒಲ್ಲೆ ಅಂದ್ರೆ ಕೆಲಸ ಇಲ್ಲ ಅಂದ್ರಂತೆ. ಅಮ್ಮನ ಹತ್ರ ಮಾಮ ಹೇಳಿದಾನೆ. ನಾನು ಕೇಳಿಸ್ಕೊಂಡಿದೀನಿ."

"ಓನ್ಲಿ ಇಂಗ್ಲಿಷ್!" ಸೆಕ್ರೆಟರಿ ಚೀರಿದ. ಬಾಗಿಲ ಫಲಕವನ್ನು ಬೆರಳಿನಿಂದ ಬಡಿದ. "ಏಯ್! ಓನ್ಲಿ ಇಂಗ್ಲಿಷ್ ಇನ್ ದ ಕ್ಲಾಸ್! ಸಿಟ್ ಡೌನ್!"

ಆ ಫಲಕ ಯಾಕೆ ಇತ್ತೆಂದು ಆ ಕೋಣೆಯಲ್ಲಿದ್ದವರಿಗೆ ಅವತ್ತು ತಿಳಿದಿರಬೇಕು.

ಹುಡುಗಿ ಕೂರಲಿಲ್ಲ. ಕಡೆಯ ಬೆಂಚಿನಿಂದ ಅವಳ ತಾಯಿ ಎದ್ದು ನಿಂತಳು. ಆಗ ರಾತ್ರಿ ಪಾಳಿಯ ವಾಚ್‌ಮನ್ ಆಗಿದ್ದ ಒಬ್ಬ ತಂದೆ, ಇದುವರೆಗೆ ತೂಕಡಿಸುತ್ತಿದ್ದವನು, ಕಣ್ಣುಜ್ಜಿಕೊಂಡು ಮೆಲ್ಲಗೆ ಕೇಳಿದ:

"ರಾತ್ರಿಯೆಲ್ಲ ಗಾಡಿ ಓಡಿಸೋನು ಮಲಗೋದು ಯಾವಾಗ?"

ಕೆಳಗಿನ ಅಂಗಡಿಯಲ್ಲಿ ಸರಳು ಕತ್ತರಿಸುವುದೂ ಅದೇ ಗಳಿಗೆಯಲ್ಲಿ ನಿಂತಿತ್ತು. ಒಬ್ಬೊಬ್ಬರ ಮುಖದ ಮೇಲೂ ಕಾಲುವೆಯ ದಾರಿ ಹಾದುಹೋಗುವುದು ಟೀಚರ್‌ಗೆ ಕಾಣಿಸಿತಂತೆ. ಆಮೇಲೆ ಒಮ್ಮೆಲೇ ಗದ್ದಲ. ಬೆಂಚುಗಳು ಉರುಳಿದವು. ಸೆಕ್ರೆಟರಿಯ ಇಸ್ತ್ರಿ ಅಂಗಿ ಗುಂಪಿನ ನಡುವೆ ಮುದುಡಿತು. ಟೀಚರ್ ಗಂಟಲು ಆಗ ಬಿಟ್ಟುಕೊಟ್ಟಿತು. "ಡ್ರೈವರನ್ನ ತೆಗೀಬೇಡಿ, ಲೋಡು ತೆಗೀರಿ" ಎಂದು ಅದೊಂದೇ ಮಾತನ್ನು, ಮಕ್ಕಳಿಗೆ ಕೂಗಿಸುವ ಹಾಗೆ, ಮತ್ತೆ ಮತ್ತೆ ಕೂಗಿದರು. ವಾಚ್‌ಮನ್ ಅದನ್ನು ಹಿಡಿದುಕೊಂಡ. ಅವನ ಹಿಂದೆ ಉಳಿದವರು.

ವ್ಯಾನು ಈಗ ರಾತ್ರಿ ಹೊರಡುವುದಿಲ್ಲ. ತಂದೆತಾಯಿಗಳೇ ಸರದಿಯಲ್ಲಿ ಬೀಗ ನೋಡಿ ಹೋಗುತ್ತಾರೆ. ಮಾಮನ ಹಗಲಿನ ಕೆಲಸ ಉಳಿಯಿತು, ರಾತ್ರಿಯ ಸಂಪಾದನೆ ಹೋಯಿತು. ಅವನ ಅಕ್ಕ ಇಸ್ತ್ರಿ ಅಂಗಡಿಯಿಂದ ಬಟ್ಟೆಯ ಗಂಟು ಮನೆಗೂ ತರುತ್ತಿದ್ದಾಳೆ. ಟೀಚರ್ ಒಮ್ಮೆ ಹೇಗಿದ್ದೀಯಪ್ಪ ಎಂದು ಕೇಳಿದರೆ, "ನಿದ್ದೆ ಚೆನ್ನಾಗಿ ಬರ್ತಿದೆ ಮೇಡಂ. ಹೊಟ್ಟೆ ಮಾತ್ರ ಎಚ್ಚರವಾಗಿರುತ್ತೆ" ಎಂದ. ನಗುತ್ತಲೇ ಹೇಳಿದ. ಅವರಿಗೆ ನಗು ಬರಲಿಲ್ಲ. ಸೆಕ್ರೆಟರಿ ಇನ್ನೂ ಸೆಕ್ರೆಟರಿಯೇ, ಫಲಕ ಇನ್ನೂ ಅಲ್ಲೇ ಇದೆ. ಮುಂದಿನ ವರ್ಷಕ್ಕೆ ಟೀಚರನ್ನು ಉಳಿಸಿಕೊಳ್ಳುತ್ತಾರೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಅವರೂ ಕೇಳುತ್ತಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆಂಬ ಭಯ.

ಆದರೆ ಅವರ ನಿದ್ದೆ ಕೆಡಿಸುತ್ತಿರುವುದು ಕೆಲಸದ ಚಿಂತೆಯಲ್ಲ.

ಕ್ಲೀನರ್ ಈಗ ದಿನವೂ ಗುಟ್ಟಿನ ಹೊತ್ತಿಗೆ ಎದ್ದು ಬರುತ್ತಾಳೆ. ಎಲ್ಲರಿಗಿಂತ ಮೊದಲು ಬರುತ್ತಾಳೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ನೆಟ್ಟಗೆ ನಿಂತು, ಮಿಸ್ಟರ್ ಸಾಕ್ಸ್‌ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಗುಡ್ ಈವನಿಂಗ್. ಐ ಆಮ್ ಫೈನ್. ಟುಡೇ ಈಸ್ ಮಂಡೇ. ಒಂದು ತಪ್ಪಿಲ್ಲ. ಇಡೀ ತರಗತಿಯಲ್ಲಿ ಅಷ್ಟು ಅಚ್ಚುಕಟ್ಟಾದ ಇಂಗ್ಲಿಷ್ ಇನ್ನಾರದೂ ಇಲ್ಲ. ಕಾಲುಚೀಲ ಬಾಯಿ ತೆರೆದು ಕುಣಿಯುತ್ತದೆ. ಹುಡುಗಿ ನಗುವುದಿಲ್ಲ, ಥ್ಯಾಂಕ್ಯೂ ಎಂದು ಹೇಳಿ ಹೊರಟುಹೋಗುತ್ತಾಳೆ. ಬಾಗಿಲ ಆಚೆ, ಮೆಟ್ಟಿಲ ಮೇಲೆ, ಗೆಳತಿಯ ಕಿವಿಗೆ ಬಾಯಿಟ್ಟು ಏನನ್ನೋ ಪಿಸುಗುಟ್ಟುತ್ತಾಳೆ. ಅದು ಮನೆಮಾತು.

ಟೀಚರ್ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಿರುತ್ತಾರೆ. ಕೈ ಕಾಲುಚೀಲದೊಳಗೇ ಇರುತ್ತದೆ. ಅದಕ್ಕೆ ಏನೂ ಕೇಳಿಸುವುದಿಲ್ಲ.